ಮಿಷಿಗನ್‌ನಲ್ಲಿ ಪಕ್ಷೇತರನಿಗೆ ಹಾಕಿದ ವೋಟು ವ್ಯರ್ಥವೇ?

ತುಮಕೂರು_ಟು_ನೋವೈ (ನೋವೈ, ಮಿಷಿಗನ್)

ಎಲ್ಲರಿಗೂ ನಮಸ್ಕಾರ. ಈ ವರ್ಷವಷ್ಟೇ ಸಿಟಿಜನ್ ಆದೆ. 2026ರ ನವೆಂಬರಿನಲ್ಲಿ ನಮ್ಮ ರಾಜ್ಯದ ಗವರ್ನರ್ (ಊರಿನ ಮುಖ್ಯಮಂತ್ರಿ ಥರ) ಚುನಾವಣೆ ಇದೆ. ಇಲ್ಲಿ ನನಗೆ ಅದೇ ಮೊದಲ ದೊಡ್ಡ ವೋಟು. ಗ್ರೆಚೆನ್ ವಿಟ್ಮರ್ ಅವರ ಎರಡು ಅವಧಿ ಮುಗಿಯುತ್ತಿದೆ, ಮತ್ತೆ ನಿಲ್ಲುವ ಹಾಗಿಲ್ಲ. ಡೆಟ್ರಾಯಿಟ್ ಮೇಯರ್ ಆಗಿದ್ದ ಮೈಕ್ ಡಗ್ಗನ್ ಪಕ್ಷೇತರರಾಗಿ ನಿಲ್ಲುತ್ತೇನೆ ಎಂದು 2024ರ ಡಿಸೆಂಬರಿನಲ್ಲೇ ಹೇಳಿಬಿಟ್ಟಿದ್ದಾರೆ. ಅಲ್ಲಿಯವರೆಗೆ ಡೆಮಾಕ್ರಾಟ್ ಆಗಿದ್ದವರು.

2013ರಲ್ಲಿ ದಿವಾಳಿ ಅರ್ಜಿ ಹಾಕಿದ ಊರನ್ನು 2014ರಿಂದ ನಡೆಸಿದ ಮನುಷ್ಯ ಅಂತ ನನಗೆ ಅವರ ಮೇಲೆ ಒಂಚೂರು ಒಲವಿದೆ. ಆದರೆ ಮನೆಯಲ್ಲಿ ಮಾತು ತೆಗೆದರೆ ಸಾಕು, ನಮ್ಮ ಭಾವ ಶುರು ಮಾಡ್ತಾರೆ. "ಈ ದೇಶದಲ್ಲಿ ಇರೋದೇ ಎರಡು ಪಕ್ಷ. ಮೂರನೆಯವನಿಗೆ ಹಾಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಅಂತಾರೆ. ನಾವೋ ಊರಲ್ಲಿ ಮೂರು ಪಕ್ಷ ನೋಡಿಕೊಂಡೇ ಬೆಳೆದವರು. ಇಲ್ಲಿ ಯಾಕೆ ಹೀಗೆ? ಯಾರಿಗೆ ಹಾಕಲಿ ಅಂತ ಕೇಳ್ತಿಲ್ಲ. ಮೂರನೆಯವರಿಗೆ ಹಾಕಿದ ವೋಟು ಇಲ್ಲಿ ನಿಜವಾಗಿ ಎಲ್ಲಿಗೆ ಹೋಗುತ್ತದೆ ಅನ್ನೋದನ್ನ ತಿಳಿದವರು ಹೇಳಿ.

ಲೆಕ್ಕದ_ಮೇಷ್ಟ್ರು (ಆ್ಯನ್ ಆರ್ಬರ್)

ನಿಮ್ಮ ಭಾವನವರ ಸಿಟ್ಟಿಗೆ ಕಾರಣ ನಮ್ಮ ರಾಜ್ಯದಲ್ಲೇ ಇದೆ. 2016ರಲ್ಲಿ ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದದ್ದು 10,704 ವೋಟುಗಳ ಅಂತರದಲ್ಲಿ. ಗ್ರೀನ್ ಪಾರ್ಟಿಯ ಜಿಲ್ ಸ್ಟೈನ್‌ಗೆ ಬಿದ್ದದ್ದು 51,463. ವಿಸ್ಕಾನ್ಸಿನ್‌ನಲ್ಲೂ ಇದೇ ಕಥೆ. ಅಂತರ 22,748, ಸ್ಟೈನ್‌ಗೆ 31 ಸಾವಿರ. ಪೆನ್ಸಿಲ್ವೇನಿಯಾದಲ್ಲೂ ಅಷ್ಟೇ. ಆ ವೋಟು ಡೆಮಾಕ್ರಾಟ್ ಹಿಲರಿ ಕ್ಲಿಂಟನ್‌ಗೆ ಬಿದ್ದಿದ್ದರೆ ಮೂರೂ ರಾಜ್ಯ ಸೇರಿ ಅಧ್ಯಕ್ಷ ಪದವಿಯೇ ಅವರದ್ದು.

ಅದಕ್ಕೂ ಹಿಂದಿನದು 2000ದ ಫ್ಲೋರಿಡಾ. ಬುಷ್ ಗೆದ್ದ ಅಂತರ 537. ನಾನು ಸೊನ್ನೆ ಬಿಟ್ಟಿಲ್ಲ, ಐನೂರ ಮೂವತ್ತೇಳೇ. ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್‌ಗೆ ಅಲ್ಲಿ ಬಿದ್ದದ್ದು 97,488. ಎರಡು ದಶಕ ದಾಟಿದರೂ ಡೆಮಾಕ್ರಾಟರ ಮನೆಗಳಲ್ಲಿ ನೇಡರ್ ಹೆಸರು ಎತ್ತಿದರೆ ಊಟ ಸಪ್ಪೆಯಾಗುತ್ತದೆ.

ಪಾಂಡವಪುರದವ (ಮಿನಿಯಾಪೊಲಿಸ್)

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅದೇ 2016ರಲ್ಲಿ, ಅದೇ ಮಿಷಿಗನ್‌ನಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ 1,72,136 ವೋಟು ಬಿದ್ದಿದೆ. ಸ್ಟೈನ್‌ಗಿಂತ ಮೂರು ಪಟ್ಟು ಜಾಸ್ತಿ. ಅವರು ನಿಲ್ಲದೆ ಇದ್ದಿದ್ದರೆ ಆ ವೋಟೆಲ್ಲ ಎಲ್ಲಿಗೆ ಹೋಗುತ್ತಿತ್ತು? ಎಷ್ಟೋ ಜನ ರಿಪಬ್ಲಿಕನ್ನರಿಗೇ ಹಾಕುತ್ತಿದ್ದರು. ಆಗ ಅಂತರ ಇನ್ನೂ ದೊಡ್ಡದಾಗುತ್ತಿತ್ತೋ ಏನೋ. ಒಬ್ಬರ ವೋಟು ಮಾತ್ರ ತೂಕಕ್ಕೆ ಹಾಕಿ ಇನ್ನೊಬ್ಬರದ್ದು ಮುಚ್ಚಿಡುವುದು ಸರಿಯಲ್ಲ.

ಫ್ಲೋರಿಡಾ ವಿಷಯವೂ ಅಷ್ಟೇ. ಪಾಮ್ ಬೀಚ್ ಕೌಂಟಿಯಲ್ಲಿ ಆ ವರ್ಷ ಎರಡು ಪುಟ ಎದುರುಬದುರು ತೆರೆದುಕೊಳ್ಳುವ ಬ್ಯಾಲೆಟ್ ಮಾಡಿದ್ದರು, ತೂತು ನಡುವೆ ಒಂದೇ ಸಾಲಿನಲ್ಲಿ. ಡೆಮಾಕ್ರಾಟ್ ಅಲ್ ಗೋರ್‌ಗೆ ಅಂತ ಒತ್ತಿದ ಎಷ್ಟೋ ಜನರ ವೋಟು ರಿಫಾರ್ಮ್ ಪಾರ್ಟಿಯ ಪ್ಯಾಟ್ ಬ್ಯೂಕ್ಯಾನನ್‌ಗೆ ಹೋಯಿತು. 3,407 ವೋಟು ಬಿತ್ತು ಅವರಿಗೆ. ಇದರಲ್ಲಿ ಬಹುಪಾಲು ನನ್ನದಲ್ಲ ಅಂತ ಬ್ಯೂಕ್ಯಾನನ್ ಅವರೇ ಒಪ್ಪಿಕೊಂಡರು. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯನ್ನೇ ಸೋತರು. ಅದನ್ನು ಗೆದ್ದಿದ್ದರೆ ಫ್ಲೋರಿಡಾ ಬೇಕೇ ಇರಲಿಲ್ಲ. ಇಷ್ಟೆಲ್ಲ ಇದ್ದೂ ಬೈಗುಳ ಮಾತ್ರ ನೇಡರ್‌ಗೆ. ಆ 97 ಸಾವಿರ ವೋಟು ಡೆಮಾಕ್ರಾಟರ ಪಿತ್ರಾರ್ಜಿತ ಆಸ್ತಿಯಾ?

ನಮ್ಮ ಮಿನೆಸೋಟಾದಲ್ಲಿ 1998ರಲ್ಲಿ ಕುಸ್ತಿಪಟು ಜೆಸ್ಸಿ ವೆಂಚುರಾ ರಿಫಾರ್ಮ್ ಪಾರ್ಟಿಯಿಂದ ಗವರ್ನರ್ ಆದರು. 37 ಪರ್ಸೆಂಟ್ ವೋಟಿನಲ್ಲಿ. ಎರಡೂ ದೊಡ್ಡ ಪಕ್ಷಗಳು ಗಟ್ಟಿ ಕ್ಯಾಂಡಿಡೇಟ್‌ಗಳನ್ನೇ ನಿಲ್ಲಿಸಿದ್ದವು. ಗೆಲ್ಲಲ್ಲ ಅಂತ ಎಲ್ಲರೂ ಕೂತಿದ್ದರೆ ಅದು ಆಗುತ್ತಿತ್ತಾ?

ಸುಧಾ_ಅಟ್ಲಾಂಟಾ (ಜಾರ್ಜಿಯಾ)

ನಮ್ಮ ಕಡೆಯ ಉದಾಹರಣೆ ಸ್ವಲ್ಪ ಬೇರೆ ಥರ. ಜಾರ್ಜಿಯಾದಲ್ಲಿ ಸೆನೆಟ್‌ಗೆ ಅರ್ಧಕ್ಕಿಂತ ಹೆಚ್ಚು ವೋಟು ಬರಲೇಬೇಕು. ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಮತ್ತೆ ಚುನಾವಣೆ, ರನ್‌ಆಫ್. 2020ರ ನವೆಂಬರಿನಲ್ಲಿ ರಿಪಬ್ಲಿಕನ್ ಡೇವಿಡ್ ಪರ್ಡ್ಯೂಗೆ 49.7 ಪರ್ಸೆಂಟ್ ಬಂತು. ಇನ್ನೊಂದು ಚೂರು ಬಂದಿದ್ದರೆ ಅವತ್ತೇ ಮುಗೀತಿತ್ತು. ಲಿಬರ್ಟೇರಿಯನ್ ಕ್ಯಾಂಡಿಡೇಟ್ 2.3 ಪರ್ಸೆಂಟ್ ತಗೊಂಡಿದ್ದಕ್ಕೆ ರನ್‌ಆಫ್ ಆಯಿತು. 2021ರ ಜನವರಿ 5ಕ್ಕೆ ಡೆಮಾಕ್ರಾಟ್ ಜಾನ್ ಆಸಫ್ ಗೆದ್ದರು. ಅದೇ ದಿನ ಇನ್ನೊಂದು ಸೀಟಿನಲ್ಲಿ ಅವರದೇ ಪಕ್ಷದ ವಾರ್ನಾಕ್ ಕೂಡ ಗೆದ್ದು ಇಡೀ ಸೆನೆಟ್ ಕೈ ಬದಲಾಯಿತು.

ನವೆಂಬರಿನಿಂದ ಜನವರಿವರೆಗೆ ನಮ್ಮ ಮನೆಗೆ ಬಂದ ಕರಪತ್ರಗಳನ್ನು ರದ್ದಿಗೆ ಹಾಕಿ ಹಾಕಿ ಸಾಕಾಗಿತ್ತು. ದಿನಾ ಫೋನು, ದಿನಾ ಬಾಗಿಲು ಬಡಿಯೋರು. ಎಲ್ಲದಕ್ಕೂ ಕಾರಣ ಯಾರೂ ಹೆಸರು ಕೇಳದ ಒಬ್ಬ ಮೂರನೇ ಕ್ಯಾಂಡಿಡೇಟು. ಆದ್ದರಿಂದ "ನೀರಿಗೆ ಹಾಕಿದ ವೋಟು" ಅನ್ನೋ ಮಾತು ನಮ್ಮ ರಾಜ್ಯಕ್ಕೆ ಒಪ್ಪೋದಿಲ್ಲ.

ಬಸವನಗುಡಿ_ಕಟ್ಟೆ (ಬೆಂಗಳೂರು)

ದೂರದಿಂದ ನೋಡ್ತಿರೋನು, ಒಂದು ಪ್ರಶ್ನೆ. ನಮ್ಮಲ್ಲಿ 2018ರಲ್ಲಿ ಬಿಜೆಪಿ 104, ಕಾಂಗ್ರೆಸ್ 80ರ ಆಸುಪಾಸು, ಜೆಡಿಎಸ್ 37. ಸಿಎಂ ಆದದ್ದು ಯಾರು? 37 ಸೀಟಿನ ಪಕ್ಷದ ಕುಮಾರಸ್ವಾಮಿ! ಮೂರನೇ ಸ್ಥಾನದಲ್ಲಿದ್ದರೂ ಕಿಂಗ್‌ಮೇಕರ್ ಅಲ್ಲ, ಕಿಂಗೇ ಆದರು. ಅಮೆರಿಕದಲ್ಲಿ ಇಂಥದ್ದು ಯಾಕೆ ಆಗಲ್ಲ? ಅಷ್ಟು ದೊಡ್ಡ ದೇಶದಲ್ಲಿ ಒಂದು ಮೂರನೇ ಪಕ್ಷ ಕಟ್ಟೋಕೆ ಆಗಿಲ್ವಾ?

ಲೆಕ್ಕದ_ಮೇಷ್ಟ್ರು

ಒಳ್ಳೆ ಪ್ರಶ್ನೆ ಕೇಳಿದಿರಿ ಸರ್. ಊರಿನ ಲೆಕ್ಕವನ್ನು ಇಲ್ಲಿಗೆ ತಂದು ಹಾಕಿದರೆ ತಪ್ಪುವುದು ಇಲ್ಲೇ.

ನಮ್ಮಲ್ಲಿ ಜನ ಎಂಎಲ್‌ಎ ಆರಿಸುತ್ತಾರೆ, ಎಂಎಲ್‌ಎಗಳು ಸಿಎಂ ಆರಿಸುತ್ತಾರೆ. ಆದ್ದರಿಂದ ಫಲಿತಾಂಶ ಬಂದ ಮೇಲೂ ಚೌಕಾಸಿಗೆ ಜಾಗ ಇರುತ್ತದೆ. 37 ಸೀಟಿಗೂ ಬೆಲೆ ಬರುತ್ತದೆ. ಪಕ್ಷೇತರ ಶಾಸಕನಿಗೂ ಮಂತ್ರಿಗಿರಿ ಸಿಗುತ್ತದೆ. ಇಲ್ಲಿ ಅಧ್ಯಕ್ಷ, ಗವರ್ನರ್ ಎರಡೂ ಬೇರೆ ಚುನಾವಣೆ, ಶಾಸನಸಭೆಗೆ ಸಂಬಂಧವೇ ಇಲ್ಲ. ಗೆದ್ದವರಿಗೆ ಪೂರ್ತಿ ಕುರ್ಚಿ, ಎರಡನೆಯವರಿಗೇ ಏನೂ ಇಲ್ಲ, ಇನ್ನು ಮೂರನೆಯವರ ಗತಿ ಹೇಳಬೇಕಾ. ಚುನಾವಣೆ ಆದ ಮೇಲೆ ಮೈತ್ರಿ ಮಾಡಿಕೊಳ್ಳುವ ದಾರಿ ಇಲ್ಲ. ಏನು ಮೈತ್ರಿ ಇದ್ದರೂ ಚುನಾವಣೆಗೆ ಮುಂಚೆಯೇ ಎರಡು ದೊಡ್ಡ ಪಕ್ಷಗಳ ಒಳಗೇ ಆಗಬೇಕು. ಡೆಮಾಕ್ರಾಟರಲ್ಲಿ ಎಡದವರು, ಮಧ್ಯದವರು ಒಂದೇ ಸೂರಿನಡಿ ಜಗಳ ಆಡಿಕೊಂಡು ಇರುವುದು ಅದಕ್ಕೇ. ರಿಪಬ್ಲಿಕನ್ನರಲ್ಲೂ ಅದೇ.

ಇನ್ನೊಂದು ಸಂಗತಿ, ವೋಟು ಎಲ್ಲಿ ಬೀಳುತ್ತದೆ ಅನ್ನುವುದು. 1992ರಲ್ಲಿ ಟೆಕ್ಸಸ್‌ನ ಶ್ರೀಮಂತ ರಾಸ್ ಪೆರೋ ಪಕ್ಷೇತರರಾಗಿ ನಿಂತು 18.9 ಪರ್ಸೆಂಟ್ ತಗೊಂಡರು. ಸುಮಾರು ಎರಡು ಕೋಟಿ ವೋಟು. ಗೆದ್ದ ರಾಜ್ಯ ಒಂದೂ ಇಲ್ಲ, ಎಲೆಕ್ಟರ್ (ರಾಜ್ಯ ಗೆದ್ದವರಿಗೆ ಸಿಗುವ, ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು) ಸಂಖ್ಯೆ ಸೊನ್ನೆ. 1968ರಲ್ಲಿ ಅಲಬಾಮಾದ ಜಾರ್ಜ್ ವ್ಯಾಲೇಸ್‌ಗೆ ಬಿದ್ದದ್ದು 13.5 ಪರ್ಸೆಂಟ್ ಮಾತ್ರ. ಆದರೆ ದಕ್ಷಿಣದ ಐದು ರಾಜ್ಯ ಗೆದ್ದು 46 ಎಲೆಕ್ಟರ್ ಪಡೆದರು. ಯಾಕೆ? ಪೆರೋ ವೋಟು ದೇಶದ ತುಂಬ ತೆಳ್ಳಗೆ ಹರಡಿತ್ತು. ವ್ಯಾಲೇಸ್ ವೋಟು ಒಂದೇ ಕಡೆ ದಟ್ಟವಾಗಿತ್ತು. (ಆ ಮನುಷ್ಯ ನಿಂತದ್ದು ಕರಿಯರು ಬಿಳಿಯರನ್ನು ಬೇರೆಬೇರೆಯಾಗಿಡುವ ಕೆಟ್ಟ ನೀತಿಗಾಗಿ. ಮೂರನೆಯವರೆಲ್ಲ ಆದರ್ಶವಾದಿಗಳು ಅಂದುಕೊಳ್ಳುವವರು ಇದನ್ನು ನೆನಪಿಡಲಿ.) ಜೆಡಿಎಸ್ ಉಳಿದುಕೊಂಡಿರುವುದೂ ಹಳೇ ಮೈಸೂರು ಭಾಗದಲ್ಲಿ ವೋಟು ದಟ್ಟವಾಗಿರುವುದರಿಂದ ತಾನೇ? ಅಷ್ಟೇ ವೋಟು ಬೀದರ್‌ನಿಂದ ಚಾಮರಾಜನಗರದವರೆಗೆ ಸಮವಾಗಿ ಹರಡಿದ್ದರೆ ಬಹಳ ಸೀಟು ಕೈತಪ್ಪುತ್ತಿತ್ತು.

ಬೇ_ಏರಿಯಾ_ಭಟ್ಟ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ನೀವೆಲ್ಲ ಪುಣ್ಯವಂತರು, ನಿಮ್ಮ ವೋಟಿಗೆ ಬೆಲೆ ಇದೆ. ನಮ್ಮಲ್ಲಿ ಅಧ್ಯಕ್ಷರ ಚುನಾವಣೆಯಲ್ಲಿ ಯಾರಿಗೆ ಹಾಕಿದರೂ ಡೆಮಾಕ್ರಾಟರೇ ಗೆಲ್ಲೋದು. ಆದ್ದರಿಂದ ನಾನು ನೆಮ್ಮದಿಯಾಗಿ ಮೂರನೆಯವರಿಗೆ ಹಾಕ್ತೀನಿ. ಯಾರೂ ಬಂದು "ನಿನ್ನಿಂದಾನೇ ಸೋತ್ವಿ" ಅನ್ನಲ್ಲ.

ಒಂದು ತಮಾಷೆ ಹೇಳ್ತೀನಿ. ಮೇಷ್ಟ್ರು ವ್ಯಾಲೇಸ್ ಹೆಸರು ಎತ್ತಿದರಲ್ಲ, ಅವರನ್ನು ಚುನಾವಣೆಗೆ ನಿಲ್ಲಿಸೋಕೆ ಅಂತ 1967ರಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಪಕ್ಷ ಇನ್ನೂ ಬದುಕಿದೆ. ಹೆಸರು ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ. ಅದರಲ್ಲಿ ಲಕ್ಷಗಟ್ಟಲೆ ಜನ ನೋಂದಾಯಿಸಿಕೊಂಡಿದ್ದಾರೆ. ಬಹುಪಾಲು ಜನಕ್ಕೆ ತಾವು ಒಂದು ಪಕ್ಷದಲ್ಲಿ ಇದ್ದೀವಿ ಅನ್ನೋದೇ ಗೊತ್ತಿಲ್ಲ! ಯಾವ ಪಕ್ಷವೂ ಬೇಡ ಅಂತ ಆ ಚೌಕ ಟಿಕ್ ಮಾಡಿದವರು. ಪಕ್ಷ ಬೇಡ ಅನ್ನೋದಕ್ಕೆ ಬೇರೆಯೇ ಚೌಕ ಇದೆ. ನಮ್ಮ ಕನ್ನಡದವರಲ್ಲೂ ಕೆಲವರು ಅಲ್ಲಿದ್ದಾರೆ ಅಂತ ನನ್ನ ಅನುಮಾನ. ಒಂದು ಸಲ ನಿಮ್ಮ ನೋಂದಣಿ ನೋಡಿಕೊಳ್ಳಿ ಪ್ಲೀಸ್. 2024ರಲ್ಲಿ ರಾಬರ್ಟ್ ಕೆನಡಿ ಜೂನಿಯರ್ ಹೆಸರು ನಮ್ಮ ಬ್ಯಾಲೆಟ್‌ಗೆ ಬಂದದ್ದು ಇದೇ ಪಕ್ಷದ ಮೂಲಕ.

ಇನ್ನು ಕಾಂಗ್ರೆಸ್ (ಇಲ್ಲಿಯ ಸಂಸತ್ತು), ಅಸೆಂಬ್ಲಿ ಸೀಟಿಗೆ ಬಂದರೆ ನವೆಂಬರಿನಲ್ಲಿ ಮೂರನೇ ಹೆಸರೇ ಇರಲ್ಲ. 2012ರಿಂದ ಪ್ರೈಮರಿಯಲ್ಲಿ (ನವೆಂಬರಿಗೆ ಕ್ಯಾಂಡಿಡೇಟ್ ಆರಿಸುವ ಮೊದಲ ಸುತ್ತು) ಮೊದಲ ಎರಡು ಸ್ಥಾನ ಬಂದವರು ಮಾತ್ರ ಮುಂದಕ್ಕೆ. ಎಷ್ಟೋ ಕಡೆ ಇಬ್ಬರೂ ಒಂದೇ ಪಕ್ಷದವರು.

ತುಮಕೂರು_ಟು_ನೋವೈ

ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ವಿಷಯ. ಗವರ್ನರ್ ಚುನಾವಣೆಯಲ್ಲಿ ಎಲೆಕ್ಟರ್ ಗಿಲೆಕ್ಟರ್ ಇಲ್ಲ ಅಲ್ವಾ? ಜಾಸ್ತಿ ವೋಟು ಬಂದವರು ಗೆದ್ದರು, ಅಷ್ಟೇ. ಹಾಗಾದರೆ ನೇಡರ್, ಪೆರೋ ಕಥೆ ಇಲ್ಲಿಗೆ ಎಷ್ಟು ಹೊಂದುತ್ತದೆ?

ಪಾಂಡವಪುರದವ

ಅಷ್ಟೊಂದು ಹೊಂದುವುದಿಲ್ಲ, ನಾನು ಹೇಳ್ತಿರೋದೂ ಅದೇ! ರಾಜ್ಯಮಟ್ಟದಲ್ಲಿ ಪಕ್ಷೇತರ ಗೆದ್ದ ಉದಾಹರಣೆ ಬೇಕಾದಷ್ಟಿದೆ. ಮೇನ್ ರಾಜ್ಯದ ಆಂಗಸ್ ಕಿಂಗ್ ಎರಡು ಸಲ ಪಕ್ಷೇತರ ಗವರ್ನರ್, ಈಗ ಸೆನೆಟರ್. ವರ್ಮಾಂಟ್‌ನ ಬರ್ನಿ ಸ್ಯಾಂಡರ್ಸ್ 1981ರಲ್ಲಿ ಬರ್ಲಿಂಗ್ಟನ್ ಮೇಯರ್ ಆದದ್ದು ಹತ್ತೇ ಹತ್ತು ವೋಟಿನಲ್ಲಿ. ಅಲಾಸ್ಕಾದಲ್ಲಿ 2014ರಲ್ಲಿ ಬಿಲ್ ವಾಕರ್ ಪಕ್ಷೇತರರಾಗಿ ಗವರ್ನರ್ ಆದರು.

ನಮ್ಮ ಮಂಡ್ಯವನ್ನೇ ನೋಡಿ. 2019ರಲ್ಲಿ ಸುಮಲತಾ ಅವರು ಪಕ್ಷೇತರರಾಗಿ ನಿಂತು, ಆಗಿನ ಮುಖ್ಯಮಂತ್ರಿಯ ಮಗನನ್ನು 1,25,876 ವೋಟುಗಳ ಅಂತರದಲ್ಲಿ ಸೋಲಿಸಿದರು. ಎದುರಾಳಿ ಕಡೆ ಜೆಡಿಎಸ್, ಕಾಂಗ್ರೆಸ್ ಎರಡೂ ಸೇರಿದ್ದವು. ಸುಮಲತಾ ಅನ್ನೋ ಹೆಸರಿನ ಇನ್ನೂ ಮೂವರು ಬ್ಯಾಲೆಟ್‌ನಲ್ಲಿದ್ದರು! ಆದರೂ ಜನ ಕಹಳೆ ಊದುವ ರೈತನ ಗುರುತು ಹುಡುಕಿ ಒತ್ತಿದರು.

ಲೆಕ್ಕದ_ಮೇಷ್ಟ್ರು

ಪಾಂಡವಪುರದವರೇ, ಮಂಡ್ಯದವರು ನೀವೇ ಮಂಡ್ಯದ ಕಥೆಯಲ್ಲಿ ಮುಖ್ಯವಾದದ್ದನ್ನು ಬಿಟ್ಟರೆ ಹೇಗೆ? ಅಲ್ಲಿ ಬಿಜೆಪಿ ಕ್ಯಾಂಡಿಡೇಟ್ ಹಾಕಲೇ ಇಲ್ಲ. ಸುಮಲತಾ ಅವರಿಗೆ ಬೆಂಬಲ ಕೊಟ್ಟಿತು. ಕಾಂಗ್ರೆಸ್‌ನ ಸ್ಥಳೀಯರು ಎಷ್ಟೋ ಮಂದಿ ಒಳಗೊಳಗೇ ಅವರ ಪರ ಇದ್ದರು. ಅಂದರೆ ನಿಜವಾದ ಸ್ಪರ್ಧೆ ಇಬ್ಬರದ್ದೇ. ಮೇಲುಕೋಟೆಯಲ್ಲಿ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದಾಗಲೂ ಕಾಂಗ್ರೆಸ್ ಜಾಗ ಬಿಟ್ಟುಕೊಟ್ಟಿತ್ತು.

ಅಲಾಸ್ಕಾ ತಗೊಳ್ಳಿ. 2014ರಲ್ಲಿ ಡೆಮಾಕ್ರಾಟ್ ಕ್ಯಾಂಡಿಡೇಟ್ ಬೈರನ್ ಮ್ಯಾಲಟ್ ಗವರ್ನರ್ ಸ್ಪರ್ಧೆ ಬಿಟ್ಟು ವಾಕರ್ ಜೊತೆ ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ಸೇರಿಕೊಂಡರು. ಸ್ಯಾಂಡರ್ಸ್ ಸೆನೆಟ್‌ಗೆ ನಿಲ್ಲುವಾಗ ಡೆಮಾಕ್ರಾಟರ ಪ್ರೈಮರಿ ತಾವೇ ಗೆದ್ದು, ಆಮೇಲೆ ಆ ಟಿಕೆಟ್ ಬೇಡ ಅಂತಾರೆ. ಎದುರಿಗೆ ಡೆಮಾಕ್ರಾಟ್ ಇರುವುದೇ ಇಲ್ಲ. ನೆಬ್ರಾಸ್ಕಾದಲ್ಲಿ 2024ರಲ್ಲಿ ಪಕ್ಷೇತರ ಡ್ಯಾನ್ ಆಸ್ಬರ್ನ್ ಸೆನೆಟ್‌ಗೆ ನಿಂತಾಗ ಡೆಮಾಕ್ರಾಟರು ಯಾರನ್ನೂ ನಿಲ್ಲಿಸಲಿಲ್ಲ. ಅಷ್ಟಾದರೂ 46-47 ಪರ್ಸೆಂಟ್‌ಗೆ ನಿಂತರು, ಗೆಲ್ಲಲಿಲ್ಲ.

ಪಕ್ಷೇತರರ ಗೆಲುವಿನ ಹಿಂದೆ ಸಾಮಾನ್ಯವಾಗಿ ಒಂದು ದೊಡ್ಡ ಪಕ್ಷದ ಹಿಂದೆ ಸರಿಯುವಿಕೆ ಇರುತ್ತದೆ. ಮಿಷಿಗನ್‌ನಲ್ಲಿ ಎರಡೂ ಪಕ್ಷಗಳು ಹಿಂದೆ ಸರಿಯುವ ಲಕ್ಷಣ ಇಲ್ಲ. ಎರಡೂ ಕಡೆ ಪ್ರೈಮರಿಗೆ ಜನ ಸಾಲುಗಟ್ಟಿ ನಿಂತಿದ್ದಾರೆ. ಹಾಗಾಗಿ ಡಗ್ಗನ್ ಅವರ ದಾರಿ ಮಂಡ್ಯದ ದಾರಿಯಲ್ಲ, ವೆಂಚುರಾ ದಾರಿ. ಅದು ಬಹಳ ಅಪರೂಪಕ್ಕೆ ತೆರೆಯುವ ದಾರಿ.

ಪಾಂಡವಪುರದವ

ಅಪರೂಪ ಸರಿ. ಆದರೆ ವೆಂಚುರಾ ಗೆದ್ದದ್ದು ಪವಾಡದಿಂದಲ್ಲ. ಟಿವಿ ಡಿಬೇಟ್‌ಗಳಿಗೆ ಅವರನ್ನೂ ಕರೆದರು. ಅಧ್ಯಕ್ಷರ ಡಿಬೇಟ್‌ಗೆ 2000ದಿಂದ ಪೋಲ್‌ನಲ್ಲಿ (ಮತ ಸಮೀಕ್ಷೆ) 15 ಪರ್ಸೆಂಟ್ ಇರಲೇಬೇಕು ಅನ್ನೋ ಗೋಡೆ ಎಬ್ಬಿಸಿದರಲ್ಲ, ಅಂಥದ್ದು ಇಲ್ಲಿರಲಿಲ್ಲ. ಜೊತೆಗೆ ನಮ್ಮಲ್ಲಿ ವೋಟಿನ ದಿನವೇ ಬೂತಿಗೆ ಹೋಗಿ ನೋಂದಾಯಿಸಿಕೊಳ್ಳಬಹುದು. ಯಾವತ್ತೂ ವೋಟು ಹಾಕದ ಹುಡುಗರು ಅವತ್ತು ಸೀದಾ ಬಂದು ಹೆಸರು ಬರೆಸಿ ಹಾಕಿದರು. ಮಿಷಿಗನ್‌ನಲ್ಲೂ 2018ರಲ್ಲಿ ಜನ ವೋಟು ಹಾಕಿ ವೋಟಿನ ದಿನದ ನೋಂದಣಿ ತಂದರು, ಆದರೆ ಅಲ್ಲಿ ಬೂತಿನಲ್ಲಲ್ಲ, ಊರಿನ ಕ್ಲರ್ಕ್ (ಚುನಾವಣೆ ನಡೆಸುವ ಅಧಿಕಾರಿ) ಆಫೀಸಿನಲ್ಲಿ. ಡಗ್ಗನ್ ವಿಷಯ ಬಂದರೆ, ಆ ಮನುಷ್ಯ 2013ರ ಮೇಯರ್ ಪ್ರೈಮರಿ ಗೆದ್ದದ್ದೇ ಬ್ಯಾಲೆಟ್‌ನಲ್ಲಿ ಹೆಸರಿಲ್ಲದೆ!

ತುಮಕೂರು_ಟು_ನೋವೈ

ಹೆಸರಿಲ್ಲದೆ ಗೆಲ್ಲೋದು ಹೇಗೆ? ಇದು ನನಗೆ ಗೊತ್ತೇ ಇರಲಿಲ್ಲ.

ರ‍್ಯಾಪಿಡ್ಸ್_ರಾಣಿ (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್)

ನಾನು ಹೇಳ್ತೀನಿ ತಮ್ಮಾ. ನಾನು ಇಲ್ಲಿ ಎಲೆಕ್ಷನ್ ಬೂತಿನಲ್ಲಿ ಕೆಲಸ ಮಾಡೋಳು.

ಡೆಟ್ರಾಯಿಟ್‌ನಲ್ಲಿ ಮೇಯರ್‌ಗೆ ನಿಲ್ಲಬೇಕಾದರೆ ಊರೊಳಗೆ ಒಂದು ವರ್ಷ ವಾಸ ಇರಬೇಕು. ಅವರು ಬೇಗ ಅರ್ಜಿ ಹಾಕಿಬಿಟ್ಟರು. ವರ್ಷ ತುಂಬಿರಲಿಲ್ಲ ಅಂತ ಕೋರ್ಟು ಹೆಸರು ತೆಗೆಸಿತು. ಆಮೇಲೆ "ನನ್ನ ಹೆಸರು ನೀವೇ ಬರೆಯಿರಿ" ಅಂತ ಪ್ರಚಾರ ಮಾಡಿದರು. ಬ್ಯಾಲೆಟ್‌ನಲ್ಲಿ ಎಲ್ಲ ಹೆಸರಾದ ಮೇಲೆ ಕೊನೆಗೆ ಒಂದು ಖಾಲಿ ಗೆರೆ ಇರುತ್ತದೆ. ಪಕ್ಕದ ಖಾಲಿ ಗುಂಡಿಯನ್ನು ಪೆನ್ನಿನಿಂದ ತುಂಬಬೇಕು, ಗೆರೆ ಮೇಲೆ ಹೆಸರು ಬರೆಯಬೇಕು. ಅಷ್ಟರಲ್ಲಿ ಹೆಚ್ಚುಕಡಿಮೆ ಅದೇ ಹೆಸರಿನ ಕ್ಷೌರಿಕರೊಬ್ಬರೂ ನಾನೂ ಇದ್ದೀನಿ ಅಂತ ನಿಂತರು. ಮೂವರು ಸುಮಲತಾ ಕಥೆ ಓದಿ ನಂಗೆ ಅದೇ ನೆನಪಾಯ್ತು, ಊರು ಬೇರೆ, ಉಪಾಯ ಒಂದೇ! ಆದರೂ ಡಗ್ಗನ್ ಮೊದಲ ಸ್ಥಾನ ಬಂದರು, ನವೆಂಬರಿನಲ್ಲಿ ಗೆದ್ದರು.

ಈಗ ನಿನಗೆ ಬೇಕಾದ ವಿಷಯ. ನಮ್ಮ ಬ್ಯಾಲೆಟ್ ಉದ್ದನೆ ಹಾಳೆ. ಎಲ್ಲಕ್ಕಿಂತ ಮೇಲೆ ಒಂದು ಚಿಕ್ಕ ಭಾಗ ಇರುತ್ತೆ, ಸ್ಟ್ರೈಟ್ ಪಾರ್ಟಿ ಟಿಕೆಟ್ ಅಂತ. ಅಲ್ಲಿ ಒಂದು ಪಕ್ಷದ ಗುಂಡಿ ತುಂಬಿದರೆ ಆ ಪಕ್ಷದ ಎಲ್ಲ ಕ್ಯಾಂಡಿಡೇಟ್‌ಗಳಿಗೂ ಒಂದೇ ಏಟಿಗೆ ವೋಟು ಬೀಳುತ್ತೆ. ಎಷ್ಟೋ ಜನ ಅದೊಂದು ತುಂಬಿ ಮಷೀನಿಗೆ ಹಾಕಿ ಹೋಗ್ತಾರೆ. ಪಕ್ಷೇತರರಿಗೆ ಆ ಭಾಗದಲ್ಲಿ ಜಾಗವೇ ಇಲ್ಲ. ಅವರ ಹೆಸರು ಕೆಳಗೆ, ಗವರ್ನರ್ ಅಂತ ಇರೋ ಕಡೆ, ಪಕ್ಷಗಳೆಲ್ಲ ಮುಗಿದ ಮೇಲೆ ಕೊನೆಗೆ ಬರುತ್ತೆ. ನಮ್ಮ ಊರಿನ ಥರ ಗುರುತೂ ಇಲ್ಲ. ಹುಡುಕಿಕೊಂಡು ಹೋಗಬೇಕು. ಇದು ಪಕ್ಷೇತರರಿಗೆ ಎಷ್ಟು ದೊಡ್ಡ ಹೊಡೆತ ಅಂತ ಬೂತಲ್ಲಿ ನಿಂತು ನೋಡಿದವರಿಗೇ ಗೊತ್ತು.

ಒಂದು ಅನುಕೂಲ ಇದೆ. ಮೇಲೆ ಪಕ್ಷದ ಗುಂಡಿ ತುಂಬಿದ್ದರೂ ಕೆಳಗೆ ಗವರ್ನರ್ ಜಾಗದಲ್ಲಿ ಬೇರೆಯವರಿಗೆ ತುಂಬಬಹುದು. ಆ ಹುದ್ದೆಗೆ ಕೆಳಗಿನದೇ ಲೆಕ್ಕ, ಮಿಕ್ಕವಕ್ಕೆ ಮೇಲಿನದು. ಬ್ಯಾಲೆಟ್ ಕೆಡಲ್ಲ. ಇದು ಗೊತ್ತಿಲ್ಲದೆ ಹೆದರಿ ಸುಮ್ನೆ ಬರೋರು ಜಾಸ್ತಿ. ಜಡ್ಜ್, ಸ್ಕೂಲ್ ಬೋರ್ಡ್ ಇವೆಲ್ಲ ಪಕ್ಷ ಇಲ್ಲದ ಹುದ್ದೆ. ಅವನ್ನ ಮಾತ್ರ ಬೇರೆಯಾಗೇ ತುಂಬಬೇಕು, ಮೇಲಿನ ಗುಂಡಿ ಅಲ್ಲಿಗೆ ಬರಲ್ಲ.

ಸುಧಾ_ಅಟ್ಲಾಂಟಾ

ರಾಣಿ ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಈ ಒಂದೇ ಗುಂಡಿ ವ್ಯವಸ್ಥೆ ಇಲ್ಲ.

ಕ್ವೀನ್ಸ್_ಕಾವೇರಿ (ನ್ಯೂಯಾರ್ಕ್)

ನಿಮ್ಮೆಲ್ಲರ ಮಾತಿನಲ್ಲಿ ಒಂದನ್ನು ಯಾರೂ ಕೇಳುತ್ತಿಲ್ಲ. ವೋಟು ಒಡೆಯುವವರು ಯಾವಾಗಲೂ ಮೂರನೆಯವರೇನಾ?

ಮೇನ್ ರಾಜ್ಯ, 2010. ರಿಪಬ್ಲಿಕನ್ ಪಾಲ್ ಲಪಾಜ್ 37.6 ಪರ್ಸೆಂಟ್‌ನಲ್ಲಿ ಗವರ್ನರ್ ಆದರು. ಎರಡನೇ ಸ್ಥಾನ ಪಕ್ಷೇತರ ಎಲಿಯಟ್ ಕಟ್ಲರ್, ಸುಮಾರು 36. ಡೆಮಾಕ್ರಾಟ್ ಕ್ಯಾಂಡಿಡೇಟ್ ಮೂರನೇ ಸ್ಥಾನ! ಅಲ್ಲಿ ವೋಟು ಒಡೆದವರು ಯಾರು ಹೇಳಿ? 2014ರಲ್ಲಿ ಕಟ್ಲರ್ ಮತ್ತೆ ನಿಂತರು, ಬರೀ 8 ಪರ್ಸೆಂಟ್ ಬಂತು, ಲಪಾಜ್ ಮತ್ತೆ ಗೆದ್ದರು. ಎರಡು ಸಲ ಇದನ್ನು ನೋಡಿ ಬೇಸತ್ತ ಜನ 2016ರಲ್ಲಿ ಪದ್ಧತಿಯನ್ನೇ ಬದಲಾಯಿಸಿದರು. ರ‍್ಯಾಂಕ್ಡ್ ಚಾಯ್ಸ್. ಒಬ್ಬರಿಗೆ ಅಲ್ಲ, ಒಂದು ಎರಡು ಮೂರು ಅಂತ ಕ್ರಮದಲ್ಲಿ ಹಾಕುವುದು. ಯಾರಿಗೂ ಅರ್ಧ ದಾಟದಿದ್ದರೆ ಕೊನೆಯವರನ್ನು ತೆಗೆದು, ಅವರ ವೋಟುಗಳಲ್ಲಿ ಎರಡನೇ ಆಯ್ಕೆ ಯಾರಿದೆಯೋ ಅವರಿಗೆ ಸೇರಿಸುತ್ತಾರೆ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಪ್ರಾಶಸ್ತ್ಯದ ಮತ ಹಾಕ್ತೀವಲ್ಲ, ಹೆಚ್ಚುಕಡಿಮೆ ಅದೇ.

2018ರಲ್ಲಿ ಮೇನ್‌ನ ಎರಡನೇ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಬ್ರೂಸ್ ಪಾಲಿಕ್ವಿನ್ ಮುಂದಿದ್ದರು. ಇಬ್ಬರು ಪಕ್ಷೇತರರ ವೋಟು ಹಂಚಿದ ಮೇಲೆ ಡೆಮಾಕ್ರಾಟ್ ಜ್ಯಾರೆಡ್ ಗೋಲ್ಡನ್ ಗೆದ್ದರು. ವಿಚಿತ್ರ ಏನು ಅಂದರೆ, ಯಾವ ಗವರ್ನರ್ ಚುನಾವಣೆಯ ಸಿಟ್ಟಿಗೆ ಇದೆಲ್ಲ ಶುರುವಾಯಿತೋ ಆ ನವೆಂಬರ್ ಗವರ್ನರ್ ಚುನಾವಣೆಗೆ ಮಾತ್ರ ಈ ಪದ್ಧತಿ ಇಲ್ಲ. ಅಲ್ಲಿಯ ರಾಜ್ಯ ಸಂವಿಧಾನ ಅಡ್ಡ ಬಂತು.

ನಮ್ಮ ನ್ಯೂಯಾರ್ಕ್‌ನಲ್ಲಿ ಇನ್ನೊಂದು ದಾರಿ. ಒಬ್ಬನೇ ಕ್ಯಾಂಡಿಡೇಟ್ ಎರಡು ಪಕ್ಷದ ಸಾಲಿನಲ್ಲಿ ಇರಬಹುದು, ವೋಟು ಒಟ್ಟು ಸೇರುತ್ತದೆ. 2025ರ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಜೊಹ್ರಾನ್ ಮಮ್ದಾನಿ ಹೆಸರು ಡೆಮಾಕ್ರಾಟ್ ಸಾಲಿನಲ್ಲೂ ಇತ್ತು, ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಸಾಲಿನಲ್ಲೂ ಇತ್ತು. ನಾನು ಎರಡನೆಯದರಲ್ಲಿ ಹಾಕಿದೆ. ಗೆಲುವಿಗೂ ಲೆಕ್ಕ, ದೊಡ್ಡ ಪಕ್ಷಕ್ಕೆ ಚುರುಕು ಮುಟ್ಟಿಸಿದ ಹಾಗೂ ಆಯಿತು.

ನ್ಯೂಜೆರ್ಸಿ_ನಂಜುಂಡ

ಇದೆಲ್ಲ ಕೇಳೋಕೆ ಚೆನ್ನಾಗಿದೆ. 2024ರಲ್ಲಿ ಅರಬ್ ಮೂಲದವರು ಬಹಳ ಇರೋ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಏನಾಯ್ತು ನೋಡಿದ್ರಲ್ಲ? ಗಾಜಾ ಸಿಟ್ಟಿಗೆ ಸ್ಟೈನ್‌ಗೆ ಹಾಕಿದರು, ಟ್ರಂಪ್ ಬಂದರು. ಈಗ ಅನುಭವಿಸಲಿ. ಮೂರನೆಯವರಿಗೆ ಹಾಕೋರೆಲ್ಲ ಮನೆ ಹಾಳು ಮಾಡೋರು.

ಲೆಕ್ಕದ_ಮೇಷ್ಟ್ರು

ನಂಜುಂಡಣ್ಣ, ಸಿಟ್ಟು ಬೇಡ, ಅಂಕಿ ನೋಡಿ. ಡಿಯರ್‌ಬಾರ್ನ್‌ನಲ್ಲಿ ಟ್ರಂಪ್‌ಗೆ ಸುಮಾರು 42 ಪರ್ಸೆಂಟ್, ಹ್ಯಾರಿಸ್‌ಗೆ 36, ಸ್ಟೈನ್‌ಗೆ 18. ಆ ಊರಿನ ಮಟ್ಟಿಗೆ ನೀವು ಹೇಳೋದು ದೊಡ್ಡ ಸುದ್ದಿಯೇ. ಆದರೆ ಇಡೀ ಮಿಷಿಗನ್‌ನಲ್ಲಿ ಅಂತರ ಸುಮಾರು 80 ಸಾವಿರ, ಸ್ಟೈನ್‌ಗೆ ಒಟ್ಟು ಬಿದ್ದದ್ದು 45 ಸಾವಿರದಷ್ಟು. ಅಷ್ಟೂ ಹ್ಯಾರಿಸ್‌ಗೆ ಬಿದ್ದಿದ್ದರೂ ರಾಜ್ಯ ಸಿಗುತ್ತಿರಲಿಲ್ಲ. 2016ಕ್ಕೆ ಹೊಂದುವ ಮಾತನ್ನು 2024ಕ್ಕೆ ಅಂಟಿಸಬೇಡಿ. ಯುದ್ಧದಲ್ಲಿ ನೆಂಟರನ್ನು ಕಳೆದುಕೊಂಡವರು ಯಾರಿಗೆ ಹಾಕಿದರು ಅಂತ ನಾವು ಕೂತು ತೀರ್ಪು ಕೊಡೋದೂ ಬೇಡ.

ನಿರ್ವಾಹಕರು

ಒಂದು ಸಮುದಾಯವನ್ನು ಗುರಿ ಮಾಡಿದ ಎರಡು ಉತ್ತರಗಳನ್ನು ತೆಗೆದಿದ್ದೇವೆ. ಚರ್ಚೆ ಚೆನ್ನಾಗಿ ನಡೆಯುತ್ತಿದೆ, ಹಾಗೇ ನಡೆಯಲಿ.

ಬೇ_ಏರಿಯಾ_ಭಟ್ಟ

ಸೋಲೋದು ಗೊತ್ತಿದ್ದೂ ಮೂರನೆಯವರಿಗೆ ಹಾಕೋದಕ್ಕೆ ಇನ್ನೊಂದು ಕಾರಣ ದುಡ್ಡು. ಅಧ್ಯಕ್ಷರ ಚುನಾವಣೆಯಲ್ಲಿ 5 ಪರ್ಸೆಂಟ್ ದಾಟಿದ ಪಕ್ಷಕ್ಕೆ ಮುಂದಿನ ಸಲ ಸರ್ಕಾರದ ಹಣ ಸಿಗುತ್ತದೆ. ಪೆರೋಗೆ 1996ರಲ್ಲಿ ಹಾಗೇ ಸುಮಾರು 2.9 ಕೋಟಿ ಡಾಲರ್ ಬಂತು. ಆ ಸಲ 8 ಪರ್ಸೆಂಟ್ ತಗೊಂಡರು. 2000ಕ್ಕೆ ಅವರು ಕಟ್ಟಿದ ರಿಫಾರ್ಮ್ ಪಾರ್ಟಿಯ ಹಣಕ್ಕೆ ಒಳಗೇ ಬಡಿದಾಟ ಆಯಿತು. ಬ್ಯೂಕ್ಯಾನನ್ ಟಿಕೆಟ್ ಹೊಡೆದುಕೊಂಡರು, ಅರ್ಧ ಪರ್ಸೆಂಟೂ ಬರಲಿಲ್ಲ, ಪಕ್ಷವೂ ಚೂರುಚೂರಾಯಿತು. ದುಡ್ಡು ಬಂದರೆ ಪಕ್ಷ ಬೆಳೆಯುತ್ತೆ ಅನ್ನೋದೂ ಖಾತ್ರಿ ಇಲ್ಲ.

ಬಸವನಗುಡಿ_ಕಟ್ಟೆ

ನಮ್ಮಲ್ಲಿ ಠೇವಣಿ ಹೋಗುತ್ತೆ, ಅಲ್ಲಿ ಉಲ್ಟಾ ದುಡ್ಡು ಕೊಡ್ತಾರೆ!

ಬೇ_ಏರಿಯಾ_ಭಟ್ಟ

ಠೇವಣಿ ಬದಲು ಸಹಿ ತರಿಸ್ತಾರೆ ಸರ್. ಪ್ರತಿ ರಾಜ್ಯಕ್ಕೂ ಬೇರೆ ನಿಯಮ, ಬೇರೆ ಗಡುವು. ಸಾವಿರಾರು ಸಹಿ, ಒಂದೊಂದನ್ನೂ ಎದುರು ಪಕ್ಷದ ವಕೀಲರು ಕೂತು ಜಾಲಾಡ್ತಾರೆ. ಮೂರನೆಯವರ ಅರ್ಧ ಹಣ ಪ್ರಚಾರಕ್ಕೆ ಮುಂಚೆ ಅಲ್ಲೇ ಕರಗುತ್ತೆ. ಹೊರಗೆ ಬರೋದೂ ಸುಲಭ ಇಲ್ಲ. ಕೆನಡಿ ಜೂನಿಯರ್ 2024ರ ಆಗಸ್ಟ್‌ನಲ್ಲಿ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಕೊಟ್ಟರಲ್ಲ, ಆಮೇಲೆ ಹೆಸರು ತೆಗೀರಿ ಅಂತ ಕೋರ್ಟಿಗೆ ಹೋದರೂ ಮಿಷಿಗನ್, ವಿಸ್ಕಾನ್ಸಿನ್ ಬ್ಯಾಲೆಟ್‌ನಲ್ಲಿ ಹೆಸರು ಉಳಿದೇಬಿಟ್ಟಿತು.

ತುಮಕೂರು_ಟು_ನೋವೈ

ಎಲ್ಲ ಓದಿ ಭಾವನಿಗೂ ಕಳಿಸಿದೆ. ಲಪಾಜ್ ಕಥೆ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ "ನೋಡಿದ್ಯಾ, ಮೂವರು ನಿಂತರೆ ಹಿಂಗೇ ಆಗೋದು" ಅಂತ ಅದನ್ನೂ ತಮ್ಮ ಕಡೆಗೇ ಎಳೆದುಕೊಂಡರು!

ನನ್ನ ಲೆಕ್ಕ ಇಷ್ಟು. ಅಧ್ಯಕ್ಷರ ಚುನಾವಣೆ ಆಗಿದ್ದರೆ ಈ ರಾಜ್ಯದಲ್ಲಿ ಇದ್ದುಕೊಂಡು ನಾನು ಮೂರನೆಯವರಿಗೆ ಹಾಕುತ್ತಿರಲಿಲ್ಲ. ಗವರ್ನರ್‌ಗೆ ಇನ್ನೂ ತೀರ್ಮಾನ ಮಾಡಿಲ್ಲ. ಡಗ್ಗನ್ ಗೆಲ್ಲುವ ಹತ್ತಿರ ಇದ್ದರೆ ಹಾಕ್ತೀನಿ, ದೂರದ ಮೂರನೇ ಸ್ಥಾನದಲ್ಲಿದ್ದರೆ ಮಿಕ್ಕ ಇಬ್ಬರಲ್ಲಿ ಒಬ್ಬರು. ಇದು ಸರಿಯಾದ ದಾರಿನಾ? ಆಗಸ್ಟ್ ಪ್ರೈಮರಿಯಲ್ಲಿ ಅವರಿಗೆ ಹಾಕಬಹುದಾ?

ರ‍್ಯಾಪಿಡ್ಸ್_ರಾಣಿ

ಆಗಸ್ಟ್‌ನಲ್ಲಿ ಅವರ ಹೆಸರು ಇರಲ್ಲ ತಮ್ಮಾ, ಪಕ್ಷೇತರರಿಗೆ ಪ್ರೈಮರಿ ಇಲ್ಲ, ಸಹಿ ತಂದು ಸೀದಾ ನವೆಂಬರಿಗೆ. ಆದರೂ ಹೋಗು. ಮಿಷಿಗನ್‌ನಲ್ಲಿ ಪಕ್ಷಕ್ಕೆ ನೋಂದಣಿ ಅಂತಿಲ್ಲ, ಯಾವ ಪಕ್ಷದ ಪ್ರೈಮರಿಗಾದರೂ ಹಾಕಬಹುದು. ಬ್ಯಾಲೆಟ್‌ನಲ್ಲಿ ಎರಡೂ ಪಕ್ಷದ ಕಾಲಂ ಅಕ್ಕಪಕ್ಕ ಇರುತ್ತೆ. ಒಂದು ಕಾಲಂ ಒಳಗೇ ಇರಬೇಕು. ಇಲ್ಲೊಂದು ಅಲ್ಲೊಂದು ತುಂಬಿದರೆ ಪಕ್ಷದ ವೋಟೆಲ್ಲ ರದ್ದು. ಹೊಸಬರು ಎಡವೋದು ಇಲ್ಲೇ.

ಲೆಕ್ಕದ_ಮೇಷ್ಟ್ರು

ದಾರಿ ಸರಿಯಾಗಿದೆ, ಆದರೆ ಯಾವ ತಿಂಗಳ ಪೋಲ್ ನೋಡ್ತೀರಿ ಅನ್ನೋದು ಮುಖ್ಯ. 1992ರ ಜೂನ್‌ನಲ್ಲಿ ಪೆರೋ ಇಬ್ಬರನ್ನೂ ಹಿಂದೆ ಹಾಕಿ ಮೊದಲ ಸ್ಥಾನದಲ್ಲಿದ್ದರು. ಜುಲೈನಲ್ಲಿ ಸ್ಪರ್ಧೆ ಬಿಟ್ಟು ಅಕ್ಟೋಬರಿನಲ್ಲಿ ಮತ್ತೆ ಬಂದರು, ಕೊನೆಗೆ 19ಕ್ಕೆ ನಿಂತರು. 1980ರಲ್ಲಿ ಜಾನ್ ಆ್ಯಂಡರ್ಸನ್ ಬೇಸಿಗೆಯಲ್ಲಿ 20 ಪರ್ಸೆಂಟ್ ದಾಟಿದ್ದರು, ನವೆಂಬರಿನಲ್ಲಿ ಬಂದದ್ದು 6.6. ಪಕ್ಷೇತರರ ಬೇಸಿಗೆಯ ಅಂಕಿ ಚಳಿಗಾಲಕ್ಕೆ ಉಳಿಯುವುದು ಕಡಿಮೆ. ವೆಂಚುರಾ ಮಾತ್ರ ಉಲ್ಟಾ, ಕೊನೆಯ ವಾರಗಳಲ್ಲಿ ಏರಿದರು. ಅಕ್ಟೋಬರ್ ಕೊನೆಯ ಪೋಲ್‌ಗಳನ್ನು ನೋಡಿ, ಒಂದಲ್ಲ, ನಾಲ್ಕೈದು.

ಪಾಂಡವಪುರದವ

ಎಲ್ಲರೂ ಪೋಲ್ ನೋಡಿಯೇ ಹಾಕೋದಾದರೆ ಪೋಲ್‌ನಲ್ಲಿ ಅವರು ಏರೋದು ಹೇಗೆ ಮೇಷ್ಟ್ರೇ? ಪೋಲ್‌ನವರು ಫೋನ್ ಮಾಡಿದಾಗಲಾದರೂ ನಿಮ್ಮ ಮನಸ್ಸಿನಲ್ಲಿ ಇರೋ ಹೆಸರು ಹೇಳಿ. ಅದಕ್ಕೆ ಖರ್ಚಿಲ್ಲ.

ರ‍್ಯಾಪಿಡ್ಸ್_ರಾಣಿ

ಮೇಷ್ಟ್ರ ಮಾತಿನ ಪ್ರಕಾರ ಮಾಡೋದಾದರೆ ಇದೊಂದು ನೆನಪಿಟ್ಟುಕೋ. ಅಂಚೆ ಬ್ಯಾಲೆಟ್ ಕೇಳಿದ್ದರೆ ಸೆಪ್ಟೆಂಬರ್ ಕೊನೆಗೇ ಮನೆಗೆ ಬಂದುಬಿಡುತ್ತೆ. ಬಂದ ದಿನವೇ ತುಂಬಿ ಕಳಿಸಬೇಡ, ಅಡುಗೆಮನೆ ಮೇಜಿನ ಮೇಲೆ ಇರಲಿ. ತೀರ್ಮಾನ ಆದ ಮೇಲೆ ತುಂಬಿ, ಕವರಿನ ಹೊರಗೆ ಸಹಿ ಹಾಕಿ, ಅಂಚೆಗೆ ಹಾಕದೆ ನಿಮ್ಮ ಊರಿನ ಕ್ಲರ್ಕ್ ಆಫೀಸಿನ ಡ್ರಾಪ್ ಬಾಕ್ಸ್‌ಗೆ ಹಾಕು. ಚುನಾವಣೆ ದಿನ ರಾತ್ರಿ 8ರ ಒಳಗೆ ಅಲ್ಲಿ ಇರಬೇಕು. ಸಹಿ ಮರೆತರೆ ನಿನಗೆ ಫೋನ್ ಬರುತ್ತೆ, ಸರಿಮಾಡೋಕೆ ಓಡಬೇಕಾಗುತ್ತೆ.